ಪರದೆಯ ಹಿಂದಿನ ಕೆಲಸಗಳು: ಒಂಬತ್ತನೆಯ ತರಗತಿಗೆ ಮೂರು ಅವಧಿಯ ವೃತ್ತಿ ಪರಿಚಯ ಪಾಠ

(ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗಾಗಿ)

ಪಾಠದ ಅಗತ್ಯ

ಪ್ರೌಢಶಾಲೆಯ ಮಕ್ಕಳನ್ನು ‘ಮುಂದೆ ಏನಾಗುತ್ತೀರಿ?’ ಎಂದು ಕೇಳಿದರೆ ಡಾಕ್ಟರ್, ಇಂಜಿನಿಯರ್, ಪೊಲೀಸ್, ಟೀಚರ್ ಎಂಬ ಉತ್ತರಗಳು ಮೊದಲು ಬರುತ್ತವೆ. ಸ್ವಲ್ಪ ಸಲಿಗೆ ಬೆಳೆದ ಮೇಲೆ ಹಿಂದಿನ ಬೆಂಚಿನಿಂದ ಇನ್ನೆರಡು ಉತ್ತರಗಳು ಬರುತ್ತವೆ: ‘ಹೀರೋ ಆಗ್ತೇನ್ರಿ’, ‘ಯೂಟ್ಯೂಬ್ ಚಾನೆಲ್ ಮಾಡ್ತೇನ್ರಿ’. ತರಗತಿ ನಗುತ್ತದೆ, ಶಿಕ್ಷಕರೂ ನಗುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಹೀಗೆ ನಕ್ಕು ಬಿಟ್ಟರೆ ಎರಡು ನಷ್ಟ. ಆ ಆಸೆ ನಿಜವಾಗಿ ಇರುವ ಮಗುವಿಗೆ ಸರಿಯಾದ ದಾರಿ ಹೇಳುವವರು ಯಾರೂ ಇರುವುದಿಲ್ಲ. ಮೊಬೈಲಿನಲ್ಲಿ ಬರುವ ಜಾಹೀರಾತೇ ಅದಕ್ಕೆ ಮಾರ್ಗದರ್ಶಿಯಾಗುತ್ತದೆ. ಇನ್ನು ಚಿತ್ರ ಬಿಡಿಸುವ, ಹಾಡಿಗೆ ತಾಳ ಹಿಡಿಯುವ, ಕೆಟ್ಟ ರೇಡಿಯೊ ಬಿಚ್ಚಿ ಜೋಡಿಸುವ, ಚೆನ್ನಾಗಿ ಕನ್ನಡ ಬರೆಯುವ ಮಗುವಿಗೆ ತನ್ನ ಕೌಶಲಕ್ಕೂ ಈ ಕ್ಷೇತ್ರದಲ್ಲಿ ಜಾಗವಿದೆ ಎಂಬುದು ತಿಳಿಯುವುದೇ ಇಲ್ಲ. ಅದರ ಕಣ್ಣಿಗೆ ಪರದೆಯ ಮೇಲಿನ ಮುಖ ಮಾತ್ರ ಕಾಣುತ್ತದೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಆರನೆಯ ತರಗತಿಯಿಂದಲೇ ವೃತ್ತಿಗಳ ಪರಿಚಯವಾಗಬೇಕೆಂದು, ಅದಕ್ಕಾಗಿ 10 ದಿನಗಳ ಬ್ಯಾಗ್‌ರಹಿತ ಅವಧಿ ಇರಬೇಕೆಂದು ಹೇಳುತ್ತದೆ. ಸ್ಥಳೀಯ ಬಡಗಿ, ಕುಂಬಾರ, ತೋಟಗಾರರ ಜೊತೆಗೆ ಊರಿನ ಫೋಟೊ ಸ್ಟುಡಿಯೊ, ಡಿಟಿಪಿ ಅಂಗಡಿ, ಧ್ವನಿವರ್ಧಕದವರು, ಮದುವೆ ವಿಡಿಯೊ ತೆಗೆಯುವವರೂ ಈ ಪರಿಚಯದೊಳಗೆ ಬರಬಹುದು. ಈ ಲೇಖನವು 40 ನಿಮಿಷಗಳ ಮೂರು ಅವಧಿಗಳಲ್ಲಿ ಅದನ್ನು ಮಾಡುವ ಒಂದು ಕ್ರಮವನ್ನು ಕೊಡುತ್ತದೆ. ಪ್ರೊಜೆಕ್ಟರ್, ಸ್ಮಾರ್ಟ್‌ಕ್ಲಾಸ್ ಇಲ್ಲದ ಶಾಲೆಯಲ್ಲೂ ಇದನ್ನು ನಡೆಸಬಹುದು. ಬೇಕಾಗುವುದು ಹಾಳೆ, ಪೆನ್ಸಿಲ್, ಕಪ್ಪುಹಲಗೆ ಮತ್ತು ಶಿಕ್ಷಕರ ಪೂರ್ವಸಿದ್ಧತೆ.

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು:

1. ಒಂದು ಚಲನಚಿತ್ರ ಅಥವಾ ವಿಡಿಯೊದ ಹಿಂದೆ ಇರುವ ಕನಿಷ್ಠ ಹತ್ತು ಕೆಲಸಗಳನ್ನು ಹೆಸರಿಸಿ, ಪ್ರತಿಯೊಂದಕ್ಕೂ ಬೇಕಾದ ಕೌಶಲವನ್ನು ಹೇಳುವನು/ಳು.
2. ಒಂದು ನಿಮಿಷದ ಸ್ಥಳೀಯ ವಿಷಯವನ್ನು ಎಂಟು ಚೌಕಗಳ ಸ್ಟೋರಿಬೋರ್ಡ್ ಆಗಿ ಗುಂಪಿನಲ್ಲಿ ರಚಿಸುವನು/ಳು.
3. ಆನ್‌ಲೈನ್ ಚಾನೆಲ್‌ನ ಆದಾಯದ ಮಾತನ್ನು ಲೆಕ್ಕ ಹಾಕಿ ಪರೀಕ್ಷಿಸುವನು/ಳು.
4. ಎಸ್ಸೆಸ್ಸೆಲ್ಸಿ ನಂತರದ ಕೆಲವು ಅಧ್ಯಯನ ಮಾರ್ಗಗಳನ್ನು ಗುರುತಿಸುವನು/ಳು.
5. ಬೇರೆಯವರ ಚಿತ್ರ ತೆಗೆಯುವ ಮುನ್ನ ಒಪ್ಪಿಗೆ ಪಡೆಯುವುದರ ಮಹತ್ವವನ್ನು ವಿವರಿಸುವನು/ಳು.

ಶಿಕ್ಷಕರಿಗೆ ಸ್ಥಳೀಯ ಹಿನ್ನೆಲೆ

‘ಸಿನಿಮಾ ಅಂದರೆ ಬೆಂಗಳೂರು’ ಎಂಬುದು ಮಕ್ಕಳ ಮೊದಲ ನಂಬಿಕೆ. ಇದನ್ನು ಊರಿನ ಉದಾಹರಣೆಗಳಿಂದಲೇ ಸಡಿಲಿಸಬೇಕು. ಅದಕ್ಕೆ ಹಾವೇರಿ ಜಿಲ್ಲೆಯಲ್ಲಿ ಸಾಮಗ್ರಿ ಸಾಕಷ್ಟಿದೆ.

ಕನ್ನಡದ ಆರಂಭಿಕ ಕಾದಂಬರಿಕಾರ ಗಳಗನಾಥರು ಈ ಜಿಲ್ಲೆಯವರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗೆ ದುಡಿದವರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಬರೆಯುವುದು, ಸಂಪಾದಿಸುವುದು, ಓದುಗರಿಗೆ ತಲುಪಿಸುವುದು ಈ ಮೂರನ್ನೂ ಒಬ್ಬರೇ ಮಾಡಿದ್ದನ್ನು ಹೇಳಿದರೆ, ಇಂದಿನ ‘ಕಂಟೆಂಟ್ ಕ್ರಿಯೇಟರ್’ ಪದ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ಹಾವೇರಿ ತಾಲ್ಲೂಕಿನ ಕುರುಬಗೊಂಡದ ಪಾಟೀಲ ಪುಟ್ಟಪ್ಪನವರು ಅಮೆರಿಕಕ್ಕೆ ಹೋಗಿ ಪತ್ರಿಕೋದ್ಯಮ ಓದಿ ಬಂದು, ‘ಪ್ರಪಂಚ’ ವಾರಪತ್ರಿಕೆಯನ್ನು ಕಟ್ಟಿದರು. ‘ಮುಂಗಾರು ಮಳೆ’ (2006) ನಿರ್ದೇಶಿಸಿದ ಯೋಗರಾಜ್ ಭಟ್ ಬೆಳೆದದ್ದು ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ. ಅದೇ ತಾಲ್ಲೂಕಿನ ಶೇಷಗಿರಿ ಹವ್ಯಾಸಿ ರಂಗಭೂಮಿಗೆ ಹೆಸರಾದ ಹಳ್ಳಿ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ದೊಡ್ಡರಂಗೇಗೌಡರು ಕವಿಗಳಷ್ಟೇ ಅಲ್ಲ, ಚಿತ್ರಗೀತೆಗಳ ರಚನಕಾರರೂ ಹೌದು. ಆ ಸಮ್ಮೇಳನವನ್ನು ನೋಡಿದ ಮಕ್ಕಳು ಇಂದೂ ನಿಮ್ಮ ತರಗತಿಯಲ್ಲಿರಬಹುದು.

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರ ಬದುಕು ಟಿ.ಎಸ್. ನಾಗಾಭರಣರ ನಿರ್ದೇಶನದಲ್ಲಿ ‘ಸಂತ ಶಿಶುನಾಳ ಶರೀಫ’ (1990) ಚಿತ್ರವಾಯಿತು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ್, ಸಂಗೀತಕ್ಕೆ ಸಿ. ಅಶ್ವತ್ಥ್. ರಾಷ್ಟ್ರೀಯ ಭಾವೈಕ್ಯ ಸಾರುವ ಅತ್ಯುತ್ತಮ ಚಿತ್ರಕ್ಕಾಗಿ ಇರುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಮೊದಲ ಅವಧಿಗೆ ಇದೇ ಚಿತ್ರವನ್ನು ಆಧಾರವಾಗಿ ಇಟ್ಟುಕೊಳ್ಳಬಹುದು.

ಮೊದಲ ಅವಧಿ: ಹೆಸರುಪಟ್ಟಿ ಓದುವುದು

*ಪೂರ್ವಜ್ಞಾನ ಪರೀಕ್ಷೆ.* ಮನೆಯಲ್ಲಿರುವ ಮದುವೆ ವಿಡಿಯೊದಿಂದ ಆರಂಭಿಸಿ. ಪ್ರತಿಯೊಂದು ಮಗುವಿಗೂ ಅದು ಗೊತ್ತು. ಪ್ರಶ್ನೋತ್ತರ ಹೀಗೆ ಸಾಗಬಹುದು:

ಶಿಕ್ಷಕಿ: ಮದುವೆ ವಿಡಿಯೊ ಯಾರು ಮಾಡ್ತಾರೆ?
ವಿದ್ಯಾರ್ಥಿಗಳು: ಕ್ಯಾಮೆರಾದವ್ರು ರೀ.
ಶಿಕ್ಷಕಿ: ಅಕ್ಷತೆ ಬಿದ್ದ ಕೂಡಲೇ ಹಾಡು ಬರ್ತದಲ್ಲ, ಆ ಹಾಡು ಮಂಟಪದಾಗ ಇತ್ತೇನು?
ವಿದ್ಯಾರ್ಥಿ: ಇಲ್ರಿ, ಆಮ್ಯಾಲೆ ಕೂಡಿಸ್ತಾರ.
ಶಿಕ್ಷಕಿ: ಮೂರು ತಾಸಿನ ಮದುವೆ ಹತ್ತು ನಿಮಿಷಕ್ಕೆ ಹೆಂಗ ಬಂತು?
ವಿದ್ಯಾರ್ಥಿನಿ: ಬ್ಯಾಡಾದ್ದು ತಗದಿರ್ತಾರ ರೀ.
ಶಿಕ್ಷಕಿ: ಮೊದಲಿಗೆ ಬರೋ ಹೆಸರು, ಹೂವಿನ ಚಿತ್ರ?
ವಿದ್ಯಾರ್ಥಿ: ಕಂಪ್ಯೂಟರ್‌ನ್ಯಾಗ ಮಾಡ್ತಾರ.

ಉತ್ತರಗಳನ್ನು ಕಪ್ಪುಹಲಗೆಯ ಎಡಕ್ಕೆ ಮಕ್ಕಳ ಮಾತಿನಲ್ಲೇ ಬರೆಯಿರಿ. ಬಲಕ್ಕೆ ಅದರ ವೃತ್ತಿಯ ಹೆಸರು ಬರೆಯಿರಿ: ‘ಬೇಡಾದ್ದು ತೆಗೆಯುವುದು’ – ಸಂಕಲನ, ‘ಹಾಡು ಕೂಡಿಸುವುದು’ – ಧ್ವನಿ ಜೋಡಣೆ, ‘ಹೂವಿನ ಚಿತ್ರ’ – ಗ್ರಾಫಿಕ್ಸ್. ಗೊತ್ತಿರುವ ಕೆಲಸಕ್ಕೆ ಹೊಸ ಹೆಸರು ಸಿಕ್ಕಾಗ ಮಗುವಿಗೆ ಅದು ದೂರದ್ದೆನಿಸುವುದಿಲ್ಲ.

*ಮುಖ್ಯ ಚಟುವಟಿಕೆ.* ಯಾವುದಾದರೂ ಕನ್ನಡ ಚಿತ್ರದ ಆರಂಭ ಅಥವಾ ಕೊನೆಯಲ್ಲಿ ಬರುವ ಹೆಸರುಪಟ್ಟಿಯನ್ನು ಮೊದಲೇ ಚಾರ್ಟಿನಲ್ಲಿ ಬರೆದುಕೊಂಡು ಹೋಗಿ. ನಟರ ಹೆಸರುಗಳನ್ನು ಬಿಟ್ಟು ಉಳಿದ ವಿಭಾಗಗಳನ್ನು ಮಾತ್ರ ಓದಿಸಿ: ಕಥೆ, ಚಿತ್ರಕಥೆ, ಸಂಭಾಷಣೆ, ಛಾಯಾಗ್ರಹಣ, ಸಂಕಲನ, ಕಲಾ ನಿರ್ದೇಶನ, ವಸ್ತ್ರವಿನ್ಯಾಸ, ಪ್ರಸಾಧನ, ಧ್ವನಿಗ್ರಹಣ, ಸಾಹಸ, ನೃತ್ಯ, ಸ್ಥಿರಚಿತ್ರ, ನಿರ್ಮಾಣ ನಿರ್ವಹಣೆ, ಪ್ರಚಾರಕಲೆ. ದಕ್ಷಿಣ ಭಾರತದ ಚಿತ್ರರಂಗದಲ್ಲಿ ಇವುಗಳನ್ನೆಲ್ಲ ಸೇರಿಸಿ ‘24 ಕ್ರಾಫ್ಟ್’ ಎನ್ನುವ ರೂಢಿಯಿದೆ.

ಈಗ ಪ್ರತಿ ಗುಂಪಿಗೆ ಮೂರು ವಿಭಾಗ ಕೊಟ್ಟು ಒಂದೇ ಪ್ರಶ್ನೆ ಕೇಳಿ: ‘ನಮ್ಮ ತರಗತಿಯಲ್ಲಿ ಈ ಕೆಲಸಕ್ಕೆ ಯಾರು ಸೂಕ್ತ? ಏಕೆ?’ ಈ ಪ್ರಶ್ನೆಯೇ ಪಾಠದ ಜೀವ. ರಂಗೋಲಿ ಹಾಕುವವಳ ಹೆಸರು ಕಲಾ ನಿರ್ದೇಶನಕ್ಕೆ, ಹೊಲಿಗೆ ಬರುವವಳ ಹೆಸರು ವಸ್ತ್ರವಿನ್ಯಾಸಕ್ಕೆ, ಗಣೇಶೋತ್ಸವದ ಪಟ್ಟಿ ಹಿಡಿದು ಲೆಕ್ಕ ನೋಡುವವನ ಹೆಸರು ನಿರ್ಮಾಣ ನಿರ್ವಹಣೆಗೆ ಬರುತ್ತದೆ. ತರಗತಿಯಲ್ಲಿ ಯಾವತ್ತೂ ಕೈ ಎತ್ತದ ಮಗುವಿನ ಗುಣವನ್ನು ಜೊತೆಯವರೇ ಎತ್ತಿ ಹೇಳುವುದನ್ನು ಪ್ರಶಿಕ್ಷಣಾರ್ಥಿ ಗಮನಿಸಿ ಟಿಪ್ಪಣಿ ಮಾಡಿಕೊಳ್ಳಬೇಕು.

*ವಿಸ್ತರಣೆ.* ಮೂರು ಬದುಕುಗಳನ್ನು ಚಿಕ್ಕದಾಗಿ ಹೇಳಿ. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. ಪ್ರೇಮಾ ಕಾರಂತರು ರಂಗಭೂಮಿಯ ವಸ್ತ್ರವಿನ್ಯಾಸದಲ್ಲಿ ಹೆಸರು ಮಾಡಿ, ಮುಂದೆ ‘ಫಣಿಯಮ್ಮ’ ಚಿತ್ರವನ್ನು ನಿರ್ದೇಶಿಸಿದರು. ಕೇರಳದ ಹಳ್ಳಿಯೊಂದರಿಂದ ಬಂದ ರಸೂಲ್ ಪೂಕುಟ್ಟಿ ಪುಣೆಯ ಸಂಸ್ಥೆಯಲ್ಲಿ ಧ್ವನಿ ವಿಭಾಗದಲ್ಲಿ ಓದಿ, 2009ರಲ್ಲಿ ಆಸ್ಕರ್ ಪಡೆದರು. ಮೂವರ ಮುಖವನ್ನೂ ಪ್ರೇಕ್ಷಕರು ರಸ್ತೆಯಲ್ಲಿ ಗುರುತಿಸುತ್ತಿರಲಿಲ್ಲ. ಮೂವರ ಕೆಲಸವನ್ನೂ ಕಂಡಿದ್ದರು ಅಥವಾ ಕೇಳಿದ್ದರು.

ಎರಡನೆಯ ಅವಧಿ: ಒಂದು ನಿಮಿಷದ ಚಿತ್ರ, ಹಾಳೆಯ ಮೇಲೆ

ಈ ಅವಧಿಯಲ್ಲಿ ಮೊಬೈಲ್ ಬೇಡ. ಕೈಯಲ್ಲಿ ಮೊಬೈಲ್ ಇದ್ದರೆ ಮಕ್ಕಳು ಮೊದಲು ತೆಗೆದು ಆಮೇಲೆ ಯೋಚಿಸುತ್ತಾರೆ. ಹಾಳೆಯ ಮೇಲೆ ಎಂಟು ಚೌಕ ಗೀರಿದರೆ ಯೋಚನೆ ಮೊದಲು ಬರುತ್ತದೆ. ಮನೆಯಲ್ಲಿ ಮೊಬೈಲ್ ಇಲ್ಲದ ಮಗುವಿಗೂ, ಮೊಬೈಲ್ ಮುಟ್ಟಲು ಬಿಡದ ಮನೆಯ ಹುಡುಗಿಗೂ ಸಮಾನ ಅವಕಾಶ ಸಿಗುತ್ತದೆ.

ಶಾಲೆ ಇರುವ ಊರಿಗೆ ತಕ್ಕಂತೆ ವಿಷಯ ಆರಿಸಿಕೊಳ್ಳಿ.

*ಬ್ಯಾಡಗಿ: ಒಂದು ಮೆಣಸಿನಕಾಯಿ ಚೀಲದ ದಿನ.* ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಡಬ್ಬಿ, ಕಡ್ಡಿ ಎಂಬ ಬಗೆಗಳು. ಮಸಾಲೆಗಷ್ಟೇ ಅಲ್ಲ, ಬಣ್ಣದ ರಸ ತೆಗೆಯುವ ಉದ್ಯಮಕ್ಕೂ ಬೇಕಾದದ್ದು. ಇಷ್ಟನ್ನು ಮಕ್ಕಳೇ ಹೇಳುತ್ತಾರೆ. ಎಂಟು ಚೌಕಗಳು ಹೀಗೆ ಇರಬಹುದು: (1) ಬೆಳಗಿನ ಮಾರುಕಟ್ಟೆ ಪ್ರಾಂಗಣ, ದೂರದಿಂದ; (2) ಚೀಲ ಇಳಿಸುವ ಹಮಾಲರ ಬೆನ್ನು; (3) ಬಾಯಿ ಬಿಚ್ಚಿದ ಚೀಲ, ಸುಕ್ಕುಗಟ್ಟಿದ ಕೆಂಪು ಕಾಯಿ, ತೀರ ಹತ್ತಿರದಿಂದ; (4) ದರಕ್ಕಾಗಿ ಕಾಯುವ ರೈತನ ಮುಖ; (5) ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈಗಳು; (6) ತೂಕದ ಯಂತ್ರ; (7) ಕೈಯಲ್ಲಿ ಬಿಲ್ಲು; (8) ಮಡಚಿದ ಖಾಲಿ ಚೀಲ.

ನಂತರ ಕೇಳಿ: ‘ಇದು ಯಾರ ಕಥೆ?’ ರೈತನದೇ, ಹಮಾಲನದೇ, ತೊಟ್ಟು ಬಿಡಿಸುವ ತಾಯಿಯದೇ, ವ್ಯಾಪಾರಿಯದೇ? ನಾಲ್ಕನೆಯ ಚೌಕದ ಮುಖ ಬದಲಾಯಿಸಿದರೆ ಇಡೀ ಚಿತ್ರ ಬದಲಾಗುವುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ. ದೃಷ್ಟಿಕೋನ ಎಂಬ ಪದವನ್ನು ಅದಾದ ಮೇಲೆ ಹೇಳಿದರೆ ಸಾಕು.

ಬ್ಯಾಡಗಿಯಲ್ಲಿ ಈ ಚರ್ಚೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. 2024ರ ಮಾರ್ಚ್ 11ರಂದು ದರ ಕುಸಿತದಿಂದ ಸಿಟ್ಟಿಗೆದ್ದ ರೈತರ ಪ್ರತಿಭಟನೆ ಹಿಂಸೆಗೆ ತಿರುಗಿ, ಮಾರುಕಟ್ಟೆ ಪ್ರಾಂಗಣದಲ್ಲಿ ವಾಹನಗಳು ಉರಿದವು. ಆ ಬೆಂಕಿಯ ದೃಶ್ಯಗಳನ್ನು ರಾಜ್ಯವೆಲ್ಲ ನೋಡಿತು. ಬೆಂಕಿ ಕ್ಯಾಮೆರಾಕ್ಕೆ ಸುಲಭವಾಗಿ ಕಾಣುತ್ತದೆ. ದರ ಬಿದ್ದದ್ದು ಕಾಣುವುದಿಲ್ಲ. ‘ಕಾಣದ ಕಾರಣವನ್ನು ಒಂದು ಚೌಕದಲ್ಲಿ ಹೇಗೆ ತೋರಿಸುವಿರಿ?’ ಎಂದು ಕೇಳಿ. ಪತ್ರಕರ್ತನ ಕೆಲಸ ಏನೆಂಬುದು ಈ ಪ್ರಶ್ನೆಯಿಂದ ಅರ್ಥವಾಗುತ್ತದೆ. ಒಂದು ಎಚ್ಚರ: ಅಂದು ಯಾರು ಅಲ್ಲಿದ್ದರು, ಯಾರ ಮನೆಯವರು ಏನು ಮಾಡಿದರು ಎಂದು ಯಾವ ಮಗುವನ್ನೂ ಕೇಳಬಾರದು. ತರಗತಿಯಲ್ಲಿ ರೈತರ ಮಕ್ಕಳೂ ಹಮಾಲರ ಮಕ್ಕಳೂ ವ್ಯಾಪಾರಿಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ.

*ರಾಣೆಬೆನ್ನೂರು: ಕೃಷ್ಣಮೃಗ.* 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ವಿಸ್ತಾರದ ಕೃಷ್ಣಮೃಗ ಅಭಯಾರಣ್ಯ ಊರಿನ ಪಕ್ಕದಲ್ಲೇ ಇದೆ. ಕಾಡಿನ ಬದಿಯ ಹೊಲದ ರೈತನಿಗೆ ಅದೇ ಜಿಂಕೆ ಬೆಳೆ ಮೇಯುವ ಪ್ರಾಣಿ. ನೋಡಲು ಬಂದವರಿಗೆ ಚೆಲುವಿನ ಪ್ರಾಣಿ. ಎಂಟು ಚೌಕಗಳಲ್ಲಿ ಎರಡೂ ಬರಬೇಕು ಎಂಬ ಷರತ್ತು ಹಾಕಿ. ಇಲ್ಲಿ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರವನ್ನು ಪ್ರಸ್ತಾಪಿಸಿ. ಕರ್ನಾಟಕ ಅರಣ್ಯ ಇಲಾಖೆಯ ಸಹಯೋಗದಲ್ಲಿ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ರೂಪಿಸಿದ ಈ ಚಿತ್ರಕ್ಕೆ ಡೇವಿಡ್ ಅಟೆನ್‌ಬರೊ ನಿರೂಪಣೆ ನೀಡಿದರು. 67ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅದಕ್ಕೆ ಎರಡು ಸಂದವು. ನಿರೂಪಣೆಗೇ ಒಂದು ಪ್ರಶಸ್ತಿ ಇದೆ ಎಂಬ ಮಾತು, ಗಟ್ಟಿ ದನಿಯಲ್ಲಿ ಪಾಠ ಓದುವ ಮಗುವಿನ ಕಿವಿಗೆ ಬೀಳಬೇಕು.

*ಹಾವೇರಿ: ಏಲಕ್ಕಿ ಮಾಲೆ.* ಗಣ್ಯರ ಕೊರಳಿಗೆ ಬೀಳುವ ಮಾಲೆಯನ್ನು ಎಲ್ಲರೂ ನೋಡಿದ್ದಾರೆ. ಪೋಣಿಸುವ ಬೆರಳುಗಳನ್ನು ನೋಡಿದವರು ಕಡಿಮೆ. ಎಂಟರಲ್ಲಿ ಆರು ಚೌಕ ಬೆರಳುಗಳಿಗೆ ಮೀಸಲಿಡಲು ಹೇಳಿ.

ಪ್ರತಿ ಗುಂಪಿನಲ್ಲೂ ನಿರ್ದೇಶಕಿ/ನಿರ್ದೇಶಕ, ಬರಹಗಾರ, ಚಿತ್ರಗಾರ, ಧ್ವನಿಯವರು, ಸಮಯಪಾಲಕ ಎಂದು ಐದು ಪಾತ್ರ ಹಂಚಿ. ಧ್ವನಿಯವರು ಪ್ರತಿ ಚೌಕದ ಕೆಳಗೆ ಅಲ್ಲಿ ಕೇಳುವ ಸದ್ದನ್ನು ಬರೆಯಬೇಕು. ಸಮಯಪಾಲಕರು ಸೆಕೆಂಡು ಬರೆದು, ಒಟ್ಟು 60 ದಾಟದಂತೆ ನೋಡಿಕೊಳ್ಳಬೇಕು.

ಮೂರನೆಯ ಅವಧಿ: ಲೆಕ್ಕ ಮತ್ತು ದಾರಿ

‘ಚಾನೆಲ್ ಮಾಡಿದರೆ ರೊಕ್ಕ ಬರ್ತದ’ ಎಂಬ ಮಾತನ್ನು ಬೈದು ತಿದ್ದುವುದಕ್ಕಿಂತ ಲೆಕ್ಕ ಹಾಕಿಸುವುದು ಮೇಲು. ಯೂಟ್ಯೂಬಿನ ಈಗಿನ ನಿಯಮದಂತೆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಕಿರು ವಿಡಿಯೊಗಳಾದರೆ 90 ದಿನಗಳಲ್ಲಿ 1 ಕೋಟಿ ವೀಕ್ಷಣೆ ಬೇಕು. ಹಣ ಪಡೆಯುವ ಖಾತೆ 18 ತುಂಬಿದವರ ಹೆಸರಿನಲ್ಲಿರಬೇಕು. ಕಪ್ಪುಹಲಗೆಯ ಮೇಲೆ:

4,000 ಗಂಟೆ × 60 = 2,40,000 ನಿಮಿಷ.
ಒಬ್ಬರು ಸರಾಸರಿ 3 ನಿಮಿಷ ನೋಡಿದರೆ: 2,40,000 ÷ 3 = 80,000 ವೀಕ್ಷಣೆ.
ಒಂದು ವಿಡಿಯೊವನ್ನು 200 ಜನ ನೋಡಿದರೆ: 80,000 ÷ 200 = 400 ವಿಡಿಯೊ.

ವರ್ಷಕ್ಕೆ 365 ದಿನ. ಅಂದರೆ ದಿನಕ್ಕೊಂದಕ್ಕಿಂತ ಹೆಚ್ಚು ವಿಡಿಯೊ ಮಾಡಿದರೆ ಹಣ ಬರುವ ಬಾಗಿಲಿನ ಹತ್ತಿರ ನಿಂತಂತೆ, ಹಣ ಬಂದಂತಲ್ಲ. ಶಾಲೆ ಬಿಟ್ಟು ಇದಕ್ಕೆ ಇಳಿಯುವುದು ಸರಿಯೇ ಎಂಬುದನ್ನು ಮಕ್ಕಳೇ ನಿರ್ಧರಿಸಲಿ. 200ರ ಬದಲು 2,000 ಜನ ನೋಡಿದರೆ 40 ವಿಡಿಯೊ ಸಾಕು ಎಂದು ಯಾರಾದರೂ ಹೇಳಿದರೆ ಮೆಚ್ಚಿ, ‘ಹತ್ತು ಪಟ್ಟು ಜನ ನೋಡುವಂತೆ ಮಾಡಲು ಏನು ಕಲಿಯಬೇಕು?’ ಎಂದು ಮುಂದುವರಿಸಿ. ಸಂಕಲನ, ಧ್ವನಿ, ಬರವಣಿಗೆ ಮತ್ತೆ ಹಲಗೆಯ ಮೇಲೆ ಬರುತ್ತವೆ.

ಅನಿಮೇಷನ್‌ಗೂ ಒಂದು ಲೆಕ್ಕ. ಚಿತ್ರ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಒಂದು ರೇಖಾಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೂ ಒಂದು ನಿಮಿಷಕ್ಕೆ 12 × 60 = 720 ಚಿತ್ರ. ದಿನಕ್ಕೆ 20 ಬಿಡಿಸಿದರೆ 36 ದಿನ. ಕಂಪ್ಯೂಟರ್ ಈ ಶ್ರಮವನ್ನು ಕಡಿಮೆ ಮಾಡಿದೆ, ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇನ್ನೂ ಕಡಿಮೆ ಮಾಡುತ್ತಿವೆ. ಕೆಲವು ಕೆಲಸಗಳು ಹೋಗುತ್ತವೆ ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು. ಆದರೆ ನಾಲ್ಕನೆಯ ಚೌಕದಲ್ಲಿ ಯಾರ ಮುಖ ಇರಬೇಕೆಂದು ಆರಿಸುವ ಕೆಲಸ ಮನುಷ್ಯರದ್ದೇ.

*ಎಸ್ಸೆಸ್ಸೆಲ್ಸಿ ನಂತರದ ದಾರಿಗಳು.* ಚಾರ್ಟಿನಲ್ಲಿ ಬರೆದು ತೋರಿಸಿ.

- ಬೆಂಗಳೂರಿನ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ: ಛಾಯಾಗ್ರಹಣ ಹಾಗೂ ಧ್ವನಿಗ್ರಹಣದಲ್ಲಿ ಮೂರು ವರ್ಷದ ಡಿಪ್ಲೊಮಾ. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಹಳೆಯ ವಿಭಾಗದ ಮುಂದುವರಿಕೆ ಇದು.
- ಐಟಿಐ: ಡಿಟಿಪಿ ಆಪರೇಟರ್, ಡಿಜಿಟಲ್ ಫೋಟೊಗ್ರಾಫರ್, ಮಲ್ಟಿಮೀಡಿಯಾ ಅನಿಮೇಷನ್ ಎಂಬ ವೃತ್ತಿಗಳು ರಾಷ್ಟ್ರೀಯ ಪಟ್ಟಿಯಲ್ಲಿವೆ. ಹತ್ತಿರದ ಯಾವ ಐಟಿಐನಲ್ಲಿ ಯಾವುದಿದೆ ಎಂದು ತಿಳಿದು ಬರುವುದೇ ಗೃಹಕಾರ್ಯ.
- ಪಿಯುಸಿ ನಂತರ ದೃಶ್ಯಕಲೆಯ ಪದವಿ: ರಾಣೆಬೆನ್ನೂರಿಗೆ ಹತ್ತಿರವಾದ ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ.
- ಪತ್ರಿಕೋದ್ಯಮ: ಪದವಿಯಲ್ಲಿ ಐಚ್ಛಿಕ ವಿಷಯವಾಗಿ ಓದಿ, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಅಧ್ಯಯನ.
- ಪದವಿಯ ನಂತರ: ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ. ನಮ್ಮ ಗಿರೀಶ ಕಾಸರವಳ್ಳಿ ಪುಣೆಯಲ್ಲಿ ಓದಿದವರು.

ಎಲ್ಲರೂ ಊರು ಬಿಡಬೇಕಿಲ್ಲ ಎಂಬುದನ್ನೂ ಹೇಳಬೇಕು. ಬೀಜದ ಪೊಟ್ಟಣ, ಮೆಣಸಿನ ಪುಡಿಯ ಲೇಬಲ್, ಜಾತ್ರೆಯ ಬ್ಯಾನರ್, ನಾಟಕದ ಕರಪತ್ರ, ಮದುವೆ ಆಲ್ಬಮ್ ಇವೆಲ್ಲ ಇಲ್ಲೇ ಯಾರೋ ವಿನ್ಯಾಸ ಮಾಡಿದವು. ದುಡಿಮೆ ಹಂಗಾಮಿನದು, ಮದುವೆ ಸೀಸನ್ ಮುಗಿದರೆ ಕೆಲಸ ತೆಳುವಾಗುತ್ತದೆ ಎಂಬುದನ್ನೂ ಸೇರಿಸಿ. ಆಗ ಮಕ್ಕಳು ಕೇಳಿದ್ದನ್ನು ನಂಬುತ್ತಾರೆ. ಸಾಧ್ಯವಾದರೆ ಊರಿನ ಒಬ್ಬ ಛಾಯಾಗ್ರಾಹಕರನ್ನು ಅಥವಾ ಡಿಟಿಪಿ ಕೆಲಸ ಮಾಡುವ ಅಕ್ಕನನ್ನು ಹತ್ತು ನಿಮಿಷಕ್ಕೆ ಕರೆಸಿ. ಮುಖ್ಯೋಪಾಧ್ಯಾಯರ ಅನುಮತಿ ಮೊದಲೇ ಪಡೆದಿರಬೇಕು.

ಹೇಳಲೇಬೇಕಾದ ಎಚ್ಚರಿಕೆಗಳು

ಆಸೆ ಹುಟ್ಟಿಸುವ ಪಾಠಕ್ಕೆ ಕಾಪಾಡುವ ಜವಾಬ್ದಾರಿಯೂ ಇರುತ್ತದೆ. ಈ ನಾಲ್ಕು ಮಾತುಗಳನ್ನು ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಯಿಸಿ.

1. *ಹಣ ಕೇಳಿದರೆ ಅದು ಆಡಿಷನ್ ಅಲ್ಲ.* ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಒಬ್ಬಳೇ ಬಾ, ಮನೆಯಲ್ಲಿ ಹೇಳಬೇಡ, ಫೋಟೊ ಕಳಿಸು ಎಂದರೆ ಮೊದಲು ಮನೆಯವರಿಗೆ ಅಥವಾ ಶಿಕ್ಷಕರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098, ಆನ್‌ಲೈನ್ ವಂಚನೆಗೆ 1930.
2. *ಬಾಲನಟರಿಗೆ ಕಾನೂನಿದೆ.* 14ರೊಳಗಿನ ಮಗುವಿನ ಕೆಲಸ ದಿನಕ್ಕೆ 5 ಗಂಟೆ ಮೀರಬಾರದು, ವಿರಾಮವಿಲ್ಲದೆ 3 ಗಂಟೆ ದಾಟಬಾರದು, ಓದಿಗೆ ಅಡ್ಡಿಯಾಗಬಾರದು; ಸಂಪಾದನೆಯ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಾಗಬೇಕು.
3. *ಕೇಳಿ ತೆಗೆ.* ತೊಟ್ಟು ಬಿಡಿಸುವ ತಾಯಿ, ಹಮಾಲ, ಪೋಣಿಸುವ ಕಲಾವಿದ ಯಾರೇ ಆಗಲಿ, ಒಪ್ಪಿಗೆ ಇಲ್ಲದೆ ಮುಖ ತೋರಿಸಬಾರದು. ಸಹಪಾಠಿಯ ವಿಡಿಯೊ ಹಾಕುವುದಕ್ಕೂ ಇದೇ ನಿಯಮ.
4. *ಹೆಸರು ಕೊಡು.* ಇನ್ನೊಬ್ಬರ ಹಾಡು, ಚಿತ್ರ, ಮಾತು ಬಳಸಲು ಅನುಮತಿ ಬೇಕು. ಬಳಸಿದರೆ ಅವರ ಹೆಸರು ಬರಬೇಕು.

ಪ್ರಶಿಕ್ಷಣಾರ್ಥಿಗಳಿಗೂ ಒಂದು ಮಾತು: ಪಾಠದ ದಾಖಲೆಗೆಂದು ಮಕ್ಕಳ ವಿಡಿಯೊ ತೆಗೆದು ಸ್ಟೇಟಸ್‌ಗೆ ಹಾಕುವುದು ಬೇಡ. ಮೂರನೆಯ ನಿಯಮವನ್ನು ಕಲಿಸಿದವರೇ ಮುರಿದಂತಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಗಮನ ಬೇಕು. ಎಷ್ಟೋ ಮನೆಗಳಲ್ಲಿ ‘ಸಿನಿಮಾ’ ಎಂಬ ಮಾತೇ ಓದು ನಿಲ್ಲಿಸಲು ಸಾಕು. ಆದ್ದರಿಂದ ಪಾಲಕರ ಸಭೆಯಲ್ಲಿ ಕೆಲಸದ ಹೆಸರನ್ನೇ ಹೇಳಿ: ಪುಸ್ತಕ ವಿನ್ಯಾಸ, ಸಂಕಲನ, ಅನುವಾದ, ಉಪಶೀರ್ಷಿಕೆ, ಡಬ್ಬಿಂಗ್ ಬರವಣಿಗೆ, ಕೃಷಿ ಸುದ್ದಿ ವರದಿ. ಯಾವ ಮಗುವಿನ ಆಸೆಯನ್ನೂ ಅದರ ಅನುಮತಿ ಇಲ್ಲದೆ ಮನೆಗೆ ಮುಟ್ಟಿಸಬೇಡಿ.

ಮೌಲ್ಯಮಾಪನ

ಗುಂಪಿನ ಸ್ಟೋರಿಬೋರ್ಡಿಗೆ 20 ಅಂಕ: ವಿಷಯದ ಸ್ಪಷ್ಟತೆ 5, ದೃಶ್ಯಗಳ ಕ್ರಮ 5, ಧ್ವನಿ ಮತ್ತು ಸಮಯದ ಟಿಪ್ಪಣಿ 5, ಒಪ್ಪಿಗೆ ಹಾಗೂ ಹೆಸರುಪಟ್ಟಿ 5. ಚಿತ್ರ ಎಷ್ಟು ಚೆಂದ ಬಿಡಿಸಿದ್ದಾರೆ ಎಂಬುದಕ್ಕೆ ಅಂಕವಿಲ್ಲ. ಕಡ್ಡಿ ಮನುಷ್ಯರಾದರೂ ಸಾಕು.

ವೈಯಕ್ತಿಕ ಪ್ರಶ್ನೆಗಳು:

1. ಸಂಕಲನಕಾರ ಮಾಡುವ ಕೆಲಸವನ್ನು ಮದುವೆ ವಿಡಿಯೊದ ಉದಾಹರಣೆಯಿಂದ ವಿವರಿಸಿ.
2. ಒಬ್ಬರು ಸರಾಸರಿ 2 ನಿಮಿಷ ನೋಡಿದರೆ 4,000 ಗಂಟೆಗೆ ಎಷ್ಟು ವೀಕ್ಷಣೆ ಬೇಕು?
3. ನಿಮ್ಮ ಗೆಳತಿ/ಗೆಳೆಯನ ಒಂದು ಕೌಶಲವನ್ನು ಹೇಳಿ, ಅದು ಯಾವ ವಿಭಾಗಕ್ಕೆ ಹೊಂದುತ್ತದೆಂದು ಬರೆಯಿರಿ.
4. ನಿಮ್ಮ ಊರಿನಲ್ಲಿ ಇದುವರೆಗೆ ಯಾರೂ ಚಿತ್ರ ಮಾಡದ ಒಂದು ವಿಷಯ ಯಾವುದು?

ನಾಲ್ಕನೆಯ ಪ್ರಶ್ನೆಯ ಉತ್ತರಗಳನ್ನು ಎಸೆಯದೆ ಶಾಲೆಯಲ್ಲಿ ಒಂದು ಫೈಲಿನಲ್ಲಿ ಇಡಿಸಿ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮಗುವೊಂದು ತನ್ನೂರಿನ ಹುತಾತ್ಮ ಮೈಲಾರ ಮಹಾದೇವಪ್ಪನವರ ಹೆಸರು ಬರೆಯಬಹುದು, ಇನ್ನೊಂದು ತನ್ನ ಅಜ್ಜಿಯ ಬೀಸುವ ಕಲ್ಲಿನ ಪದಗಳನ್ನು ಬರೆಯಬಹುದು. ಮುಂದಿನ ವರ್ಷ ಅಭ್ಯಾಸ ಬೋಧನೆಗೆ ಬರುವ ತಂಡಕ್ಕೆ ಆ ಫೈಲೇ ಎರಡನೆಯ ಅವಧಿಯ ಸಾಮಗ್ರಿಯಾಗಲಿ.